ಹಗುರ ಬಾಣವೋ, ತೂಕದ ಬಾಣವೋ?

ಬಿಲ್ಲಿನ ಪೌಂಡ್ (ಹೆದೆ ಎಳೆಯಲು ಬೇಕಾಗುವ ಬಲ), ಬಾಣದ ತೂಕ, ಅದರ ವೇಗ, ತಗಲುವಾಗಿನ ಶಕ್ತಿ. ಇವುಗಳ ಹೊಂದಾಣಿಕೆ ಬಗ್ಗೆ ಕೊಡಗಿನ ಓದುಗರು ಕೇಳಿದ್ದನ್ನೆಲ್ಲ ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಿಲ್ಲು ಮಾರುವವರು ತೂಕವನ್ನು ಗ್ರೇನ್‌ನಲ್ಲೂ ವೇಗವನ್ನು ಅಡಿಯಲ್ಲೂ ಹೇಳುತ್ತಾರೆ. 1 ಗ್ರಾಂ ಎಂದರೆ 15.43 ಗ್ರೇನ್, ಸೆಕೆಂಡಿಗೆ 100 ಅಡಿ ಎಂದರೆ ಸುಮಾರು 30.5 ಮೀಟರ್. ಇಷ್ಟು ನೆನಪಿದ್ದರೆ ಮುಂದಿನದ್ದೆಲ್ಲ ಸಲೀಸು.

ಪ್ರಶ್ನೆ: ನನ್ನ ತಂಗಿಯ ಮಗ ನ್ಯೂಜಿಲೆಂಡಿನಲ್ಲಿದ್ದಾನೆ. ಅಲ್ಲಿ ಪರ್ಮಿಟ್ ಪಡೆದು ಬಿಲ್ಲಿನಲ್ಲಿ ಹಂದಿ, ಜಿಂಕೆ ಹೊಡೆಯಬಹುದಂತೆ. 60 ಪೌಂಡಿನ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿಗಳಿರುವಂಥದ್ದು) ತೆಗೆದುಕೊಂಡಿದ್ದಾನೆ. ಅಂಗಡಿಯವನು 350 ಗ್ರೇನಿನ ಬಾಣ ಕೊಟ್ಟಿದ್ದಾನೆ, ಜೊತೆಗಾರನು 500 ಹಾಕು ಎನ್ನುತ್ತಾನಂತೆ. ಯಾರ ಮಾತು ಕೇಳಬೇಕು?
– ಓದುಗರು, ಪೊನ್ನಂಪೇಟೆ

ಉತ್ತರ: ಹಂದಿಗಾದರೆ ಜೊತೆಗಾರನ ಮಾತು. ಏಕೆಂದು ಲೆಕ್ಕ ಹಾಕಿಯೇ ನೋಡೋಣ.

ಬಿಲ್ಲನ್ನು ಎಳೆದಾಗ ಅದರಲ್ಲಿ ತುಂಬುವ ಶಕ್ತಿ ಹೆಚ್ಚುಕಡಿಮೆ ನಿಗದಿಯಾದದ್ದು, ಬಾಣ ಬದಲಿಸಿದರೆ ಅದು ಬದಲಾಗುವುದಿಲ್ಲ. ಬದಲಾಗುವುದು ಅದರಲ್ಲಿ ಬಾಣಕ್ಕೆ ಎಷ್ಟು ಸಿಗುತ್ತದೆ, ಬಿಲ್ಲಿನಲ್ಲೇ ಎಷ್ಟು ಉಳಿದು ಅದುರುತ್ತದೆ ಎಂಬುದು. ಬಾಣ ಹಗುರವಾದಷ್ಟೂ ಲಿಂಬ್ (ಬಿಲ್ಲಿನ ತೋಳು), ಕ್ಯಾಮ್ (ತುದಿಯ ಗಾಲಿ), ಹೆದೆಗಳಲ್ಲಿ ಉಳಿಯುವ ಪಾಲು ಜಾಸ್ತಿ. ಕೈಗೆ ಬಡಿಯುವ ಅದುರು, ಕಿವಿಗೆ ಬೀಳುವ ಸದ್ದು ಎರಡೂ ಆ ಉಳಿದ ಶಕ್ತಿಯೇ.

ಶಕ್ತಿಯ ಸೂತ್ರ ಶಾಲೆಯಲ್ಲಿ ಕಲಿತದ್ದೇ: ಗ್ರಾಂನಲ್ಲಿ ತೂಕವನ್ನು ಸೆಕೆಂಡಿಗೆ ಮೀಟರಿನಲ್ಲಿರುವ ವೇಗದ ವರ್ಗದಿಂದ ಗುಣಿಸಿ 2000ದಿಂದ ಭಾಗಿಸಿದರೆ ಜೂಲ್ ಸಿಗುತ್ತದೆ. ಸಂವೇಗಕ್ಕೆ ಗ್ರಾಂ ಮತ್ತು ವೇಗ ಗುಣಿಸಿ 1000ದಿಂದ ಭಾಗಿಸಿ. 60 ಪೌಂಡಿನ ಬಿಲ್ಲೊಂದು 350 ಗ್ರೇನ್ (22.7 ಗ್ರಾಂ) ಬಾಣವನ್ನು ಸೆಕೆಂಡಿಗೆ 276 ಅಡಿಯಲ್ಲೂ 500 ಗ್ರೇನ್ (32.4 ಗ್ರಾಂ) ಬಾಣವನ್ನು 235 ಅಡಿಯಲ್ಲೂ ಬಿಡುತ್ತದೆ ಎಂದುಕೊಳ್ಳಿ. ಮೊದಲನೆಯದಕ್ಕೆ 80 ಜೂಲ್, ಎರಡನೆಯದಕ್ಕೆ 83 ಜೂಲ್. ಶಕ್ತಿಯಲ್ಲಿ ವ್ಯತ್ಯಾಸ ಇಲ್ಲವೆಂದೇ ಹೇಳಬಹುದು. ಸಂವೇಗ ಮಾತ್ರ 1.91ರಿಂದ 2.32ಕ್ಕೆ, ಅಂದರೆ ಶೇ 21ರಷ್ಟು ಏರುತ್ತದೆ. ಕಾಡುಹಂದಿಯ ಭುಜದ ಮೇಲೆ ಗಡುಸಾದ ಮಂದ ಪದರವಿರುತ್ತದೆ, ಕೆಳಗೆ ಮೂಳೆ. ಅಲ್ಲಿ ತಡೆದು ನಿಲ್ಲದೆ ಒಳಹೋಗುವುದು ಸಂವೇಗ ಹೆಚ್ಚಿದ್ದ ಬಾಣ.

ಇದಕ್ಕೆ ತೆರುವ ಬೆಲೆ ಬಾಣ ಹೆಚ್ಚು ಇಳಿಯುವುದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ 30 ಮೀಟರ್ ಹೋಗುವಷ್ಟರಲ್ಲಿ 350 ಗ್ರೇನಿನ ಬಾಣ 62 ಸೆಂಟಿಮೀಟರ್ ಇಳಿಯುತ್ತದೆ, 500 ಗ್ರೇನಿನದು 86. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಇಷ್ಟನ್ನೂ ಸೈಟ್ ಪಿನ್ (ಗುರಿ ಹಿಡಿಯುವ ಕಡ್ಡಿ) ಕೂರಿಸುವಾಗಲೇ ಸರಿಮಾಡಿರುತ್ತೇವೆ. ನಿಜವಾದ ತೊಂದರೆ ದೂರ ತಪ್ಪಾಗಿ ಅಂದಾಜಿಸಿದಾಗ. 30 ಮೀಟರ್ ಎಂದುಕೊಂಡದ್ದು 33 ಆಗಿದ್ದರೆ ಹಗುರ ಬಾಣ ಗುರಿಗಿಂತ 7 ಸೆಂಟಿಮೀಟರ್ ಕೆಳಗೆ ತಗಲುತ್ತದೆ, ಭಾರದ್ದು 9.5. ಎರಡೂವರೆ ಸೆಂಟಿಮೀಟರಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. 50 ಮೀಟರಿನಲ್ಲಿ 5 ಮೀಟರ್ ತಪ್ಪಿದರೆ ಮಾತ್ರ 19 ಮತ್ತು 26 ಆಗುತ್ತದೆ. ದೂರ ಹೇಳದೆ ಫೋಮಿನ ಪ್ರಾಣಿಗಳಿಗೆ ಹೊಡೆಸುವ ತ್ರೀಡಿ ಸ್ಪರ್ಧೆಗಳಲ್ಲಿ ಹಗುರ ಬಾಣ ಇಷ್ಟಪಡುವುದು ಇದಕ್ಕೇ. ಅಂಗಡಿಯವನಿಗೆ ಆ ಲೋಕ ಗೊತ್ತು, ಹಂದಿಯದು ಗೊತ್ತಿಲ್ಲ.

500 ಗ್ರೇನ್ ಎಂದು ಬರೆದಿರುವ ಬಾಣ ಅಂಗಡಿಯಲ್ಲಿ ಸಿಗುವುದಿಲ್ಲ, ಕೂಡಿಸಿಕೊಳ್ಳಬೇಕು. ಇಂಚಿಗೆ 10.5 ಗ್ರೇನ್ ತೂಗುವ ಕಾರ್ಬನ್ ಶಾಫ್ಟ್ (ಬಾಣದ ಕಡ್ಡಿ) 28 ಇಂಚಿಗೆ 294, ಮೊನೆ ಕೂರಿಸುವ ಹಿತ್ತಾಳೆ ಇನ್ಸರ್ಟ್ 50, ಮೊನೆ 125, ನಾಕ್ (ಹೆದೆಗೆ ಕಚ್ಚುವ ಹಿಂತುದಿ) 10, ಏಳೇಳು ಗ್ರೇನಿನ ಮೂರು ಗರಿ 21. ಒಟ್ಟು 500. ಅದೇ ಇಂಚಿಗೆ 9 ಗ್ರೇನಿನ ಶಾಫ್ಟ್, 20 ಗ್ರೇನಿನ ಅಲ್ಯುಮಿನಿಯಂ ಇನ್ಸರ್ಟ್, 100ರ ಮೊನೆ ಹಾಕಿದರೆ 403ಕ್ಕೆ ನಿಲ್ಲುತ್ತದೆ.

ಮುಂದಿನ ತೂಕ ಹೆಚ್ಚಿಸಿದವರು ಸಾಮಾನ್ಯವಾಗಿ ಎಡವುವುದು ಸ್ಪೈನ್‌ನಲ್ಲಿ, ಅಂದರೆ ಶಾಫ್ಟ್ ಎಷ್ಟು ಬಾಗುತ್ತದೆ ಎಂಬ ಅಳತೆಯಲ್ಲಿ. ತುದಿ ಭಾರವಾದಷ್ಟೂ ಬಿಡುವ ಕ್ಷಣದಲ್ಲಿ ಶಾಫ್ಟ್ ಹೆಚ್ಚು ಬಳುಕುತ್ತದೆ. 100 ಗ್ರೇನ್ ಮೊನೆಗೆ 400 ಸ್ಪೈನ್ ಸರಿಹೋಗುತ್ತಿದ್ದ ಬಿಲ್ಲಿಗೆ ಈಗ 350 ಅಥವಾ 340 ಬೇಕಾಗುತ್ತದೆ. ಸ್ಪೈನ್ ಸಂಖ್ಯೆ ಚಿಕ್ಕದಾದಷ್ಟೂ ಶಾಫ್ಟ್ ಗಟ್ಟಿ, ಇದನ್ನು ಉಲ್ಟಾ ತಿಳಿದು ಕೊಂಡುತಂದವರು ಬಹಳ. ವಾಲಾಡುತ್ತಾ ಹೋಗಿ ಓರೆಯಾಗಿ ತಗಲುವ 500 ಗ್ರೇನಿಗಿಂತ ನೆಟ್ಟಗೆ ಹೋಗುವ 420 ಗ್ರೇನೇ ಆಳಕ್ಕಿಳಿಯುತ್ತದೆ. ಹಾಗಾಗಿ ಮೊದಲು ಸ್ಪೈನ್, ಆಮೇಲೆ ತೂಕ. ಹುಡುಗನಿಗೆ ಜಿಂಕೆ ಸಾಕು, ಹಂದಿ ಬೇಡ ಎಂದಾದರೆ 420ರಿಂದ 450 ಗ್ರೇನ್ ಧಾರಾಳ.

ಪ್ರಶ್ನೆ: ಬಾಣಕ್ಕೆ 80 ಜೂಲ್ ಎಂದರೆ ನಗು ಬರುತ್ತದೆ. ನಮ್ಮ ಮನೆಯ ಕೋವಿಯ ಮುಂದೆ ಅದು ಯಾವ ಲೆಕ್ಕ?
– ಓದುಗರು, ನಾಪೋಕ್ಲು

ಉತ್ತರ: ಜೂಲಿನಲ್ಲಿ ತೂಗಿದರೆ ಯಾವ ಲೆಕ್ಕವೂ ಅಲ್ಲ. 12 ಬೋರಿನ ತೋಟಾದಲ್ಲಿ 30 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ 2,400 ಜೂಲ್. ಆದರೆ ಹೋಲಿಕೆಯೇ ಸರಿಯಲ್ಲ. ಗುಂಡು ಕೆಲಸ ಮಾಡುವುದು ಹೊಡೆತದಿಂದ, ಬಾಣ ಕೆಲಸ ಮಾಡುವುದು ಕೊಯ್ತದಿಂದ. ಪಾಯಿಂಟ್ ಟ್ವೆಂಟಿಟೂ ರೈಫಲ್ಲಿನ 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರಿನಲ್ಲಿ ಹೋದರೆ ಶಕ್ತಿ ಸುಮಾರು 140 ಜೂಲ್, ಸಂವೇಗ ಬರೀ 0.86. ಮೇಲೆ ಹೇಳಿದ 500 ಗ್ರೇನಿನ ಬಾಣದ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ, ಸಂವೇಗ ಎರಡೂವರೆ ಪಟ್ಟಿಗೂ ಹೆಚ್ಚು. ಉದ್ದನೆಯ ಕಡ್ಡಿಯ ಭಾರವೆಲ್ಲ ಒಂದು ಸಣ್ಣ ಅಲಗಿನ ಹಿಂದೆ ಸಾಲಾಗಿ ನಿಂತು ದೂಡುತ್ತದೆ. ಅಲಗು ಮೊಂಡಾದರೆ ಈ ಲಾಭವೆಲ್ಲ ನೀರಿಗೆ. ರೋಮ ಕೆರೆಯುವಷ್ಟು ಹರಿತವಿಲ್ಲದ ಬ್ರಾಡ್‌ಹೆಡ್‌ಗೆ (ಅಲಗಿರುವ ಬೇಟೆ ಮೊನೆಗೆ) ಹತ್ತು ಜೂಲ್ ಹೆಚ್ಚಿಸಿ ಪ್ರಯೋಜನವಿಲ್ಲ.

ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯಲ್ಲಿ ಜಿಂಕೆಯಂಥ ಮಧ್ಯಮ ಗಾತ್ರದ ಪ್ರಾಣಿಗೆ 25ರಿಂದ 41 ಅಡಿ-ಪೌಂಡ್, ಹಂದಿ, ಕರಡಿಯಂಥವಕ್ಕೆ 42ರಿಂದ 65 ಅಡಿ-ಪೌಂಡ್ ಎಂದಿದೆ. ಜೂಲಿಗೆ ತಿರುಗಿಸಿದರೆ 34–56 ಮತ್ತು 57–88. ಅದನ್ನು ಕೆಳಗಿನ ಮಿತಿ ಎಂದು ಓದಿ, ಭರವಸೆ ಎಂದು ಓದಬೇಡಿ.

ಪ್ರಶ್ನೆ: ಗದ್ದೆಗೆ ರಾತ್ರಿ ಹಂದಿ ಇಳಿಯುತ್ತಿದೆ. ಕೋವಿಯಾದರೆ ಸದ್ದಾಗುತ್ತದೆ. ಬಿಲ್ಲಿಗೆ ಲೈಸೆನ್ಸೂ ಬೇಡವಲ್ಲ, ಎಷ್ಟು ಪೌಂಡಿನದು ತರಲಿ?
– ಓದುಗರು, ವಿರಾಜಪೇಟೆ

ಉತ್ತರ: ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಎಂಬ ಪದದ ವಿವರಣೆಯಲ್ಲೇ ಬಿಲ್ಲು-ಬಾಣದ ಹೆಸರಿದೆ, ಬೇಟೆಯ ಯತ್ನವೂ ಬೇಟೆಯೇ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಕಾಡುಪ್ರಾಣಿ ಹೊಡೆಯುವುದಕ್ಕಲ್ಲ. ಬೆಳೆಗೆ ಅಪಾಯ ಮಾಡುವ ಪ್ರಾಣಿಯ ವಿಚಾರದಲ್ಲಿ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅಧಿಕಾರಿಯ ಲಿಖಿತ ಆದೇಶವೇ ಬೇಕು. ಬೆಳೆಹಾನಿ ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಬಿಲ್ಲು ಹಿಡಿದು ಹೋಗುವುದೂ ಅಪರಾಧ. ಅಭ್ಯಾಸಕ್ಕೆ ಬಿಲ್ಲನ್ನು ಕಾರಿನಲ್ಲಿ ಒಯ್ಯುವವರು ಆ ದಾರಿ ತಪ್ಪಿಸುವುದು ಒಳ್ಳೆಯದು.

ಪ್ರಶ್ನೆ: 60 ಪೌಂಡ್ ಬಿಲ್ಲಿಗೆ 280 ಗ್ರೇನಿನ ಬಾಣ ಹಾಕಿದೆ. ವೇಗ ಚೆನ್ನಾಗಿದೆ. ಆದರೆ ಬಿಟ್ಟಾಗ ಟಪ್ಪೆಂದು ಸದ್ದು, ಕೈ ಜುಮ್ಮೆನ್ನುತ್ತದೆ.
– ಓದುಗರು, ಕುಶಾಲನಗರ

ಉತ್ತರ: ಇವತ್ತೇ ನಿಲ್ಲಿಸಿ. ಪೌಂಡಿಗೆ 5 ಗ್ರೇನ್ ಎಂಬುದು ಕಾಂಪೌಂಡ್ ಬಿಲ್ಲುಗಳಿಗೆ ಸಾಮಾನ್ಯವಾಗಿ ಹೇಳುವ ಕನಿಷ್ಠ ಮಿತಿ. ನಿಮ್ಮದಕ್ಕೆ 300 ಗ್ರೇನ್ ಆಯಿತು, ನೀವು ಅದಕ್ಕೂ ಕೆಳಗಿದ್ದೀರಿ. ಬಾಣವೇ ಇಲ್ಲದೆ ಹೆದೆ ಬಿಟ್ಟರೆ ಏನಾಗುತ್ತದೋ ಅದರ ತಮ್ಮನಿದು. ಲಿಂಬ್ ಸೀಳುವುದು, ಕ್ಯಾಮ್ ಬಾಗುವುದು, ಹೆದೆ ಕಿತ್ತು ಮುಖಕ್ಕೆ ಬಡಿಯುವುದು. ಹತ್ತಿಯುಂಡೆಯನ್ನು ಲಿಂಬಿನ ಅಂಚಿನಲ್ಲಿ ಎಳೆದು ನೋಡಿ, ನಾರು ಸಿಕ್ಕಿಕೊಂಡಲ್ಲಿ ಬಿರುಕಿರುತ್ತದೆ. ಕ್ಯಾಮಿನ ಪಕ್ಕ, ಹೆದೆ ಕೂರುವ ತೋಡು ಕೂಡ ನೋಡಿ. ಆಮೇಲೆ ಕನಿಷ್ಠ 360, ಸಾಧ್ಯವಾದರೆ 400 ಗ್ರೇನಿಗೆ ಬನ್ನಿ. ಸದ್ದು ತಾನಾಗಿ ಇಳಿಯುತ್ತದೆ.

ಹಾಗೆಯೇ, ಪ್ರತಿ ಸಲ ಬಾಣ ಹೂಡುವ ಮೊದಲು ಕಾರ್ಬನ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತುಸು ಬಾಗಿಸಿ, ತಿರುಗಿಸಿ. ಚಟಚಟ ಎಂದರೆ ಮುರಿದು ಬಿಸಾಡಿ. ಬಿರುಕಿದ ಕಾರ್ಬನ್ ಬಿಡುವಾಗ ಸಿಡಿದರೆ ಚೂರುಗಳು ಬಿಲ್ಲು ಹಿಡಿದ ಕೈಗೇ ನಾಟುತ್ತವೆ.

ಪ್ರಶ್ನೆ: ಕ್ರೋನೋಗ್ರಾಫ್ ಇಲ್ಲದೆ ಬಾಣದ ವೇಗ ತಿಳಿಯುವ ದಾರಿ ಇದೆಯೇ? ತೂಕಕ್ಕೆ ಗ್ರೇನ್ ತಕ್ಕಡಿಯೂ ಇಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ತೂಕಕ್ಕೆ ಅಕ್ಕಸಾಲಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಗ್ರಾಂನಲ್ಲಿ ದಶಮಾಂಶದ ನಂತರ ಎರಡು ಅಂಕಿ ತೋರಿಸಿದರೆ 0.15 ಗ್ರೇನಿನವರೆಗೂ ಸಿಕ್ಕಿದಂತೆ. ಹನ್ನೆರಡು ಬಾಣಗಳನ್ನೂ ಪ್ರತ್ಯೇಕ ತೂಗಿ ಶಾಫ್ಟಿನ ಮೇಲೇ ಬರೆದಿಡಿ. ಒಂದು ಕಟ್ಟಿನಲ್ಲಿ 5 ಗ್ರೇನಿಗಿಂತ ಹೆಚ್ಚು ವ್ಯತ್ಯಾಸವಿದ್ದ ಬಾಣವನ್ನು ಅಭ್ಯಾಸಕ್ಕೆ ಬೇರೆ ಇಡಿ.

ವೇಗಕ್ಕೆ ಮೊಬೈಲ್ ಸಾಕು. ಟೇಪ್ ಹಿಡಿದು ಸರಿಯಾಗಿ 30 ಮೀಟರ್ ಅಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಧ್ವನಿಯ ಅಲೆ ತೋರಿಸುವ ಯಾವುದಾದರೂ ರೆಕಾರ್ಡಿಂಗ್ ಆಪ್ ಹಾಕಿ ಫೋನನ್ನು ನಿಮ್ಮ ಕಾಲ ಬಳಿ ಇಡಿ. ಒಂದು ಬಾಣ ಬಿಡಿ. ಅಲೆಯಲ್ಲಿ ಎರಡು ಮೊನಚು ಕಾಣುತ್ತವೆ: ಹೆದೆಯದು, ಗುರಿಗೆ ತಗಲಿದ್ದು. ನಡುವಿನ ಅವಧಿ 0.467 ಸೆಕೆಂಡ್ ಎಂದುಕೊಳ್ಳಿ. ತಗಲಿದ ಸದ್ದು ನಿಮ್ಮತ್ತ ಬರಲು ಹಿಡಿದ ಸಮಯವನ್ನು ಇದರಿಂದ ಕಳೆಯಬೇಕು. ಮಡಿಕೇರಿ-ಸೋಮವಾರಪೇಟೆಯ ತಂಪಿನಲ್ಲಿ ಸದ್ದಿನ ವೇಗ 340 ಮೀಟರ್ ಎಂದಿಟ್ಟರೆ 30 ಮೀಟರಿಗೆ 0.088 ಸೆಕೆಂಡ್. ಉಳಿದದ್ದು 0.379. 30ನ್ನು ಅದರಿಂದ ಭಾಗಿಸಿದರೆ 79 ಮೀಟರ್, ಅಂದರೆ 260 ಅಡಿ. ಕಳೆಯುವ ಲೆಕ್ಕ ಬೇಡವೆಂದರೆ ಫೋನನ್ನು ಸರಿಯಾಗಿ ನಡುವೆ, 15 ಮೀಟರಿನಲ್ಲಿ, ಬಾಣದ ದಾರಿಯಿಂದ ಪಕ್ಕಕ್ಕಿಡಿ. ಎರಡೂ ಸದ್ದು ಅಷ್ಟೇ ದೂರ ಬರುವುದರಿಂದ ಸಿಕ್ಕಿದ ಅವಧಿಯೇ ಬಾಣದ್ದು.

ಇದು 30 ಮೀಟರಿನ ಸರಾಸರಿ ವೇಗ, ಹೊರಟಾಗಿನ ವೇಗ ತುಸು ಹೆಚ್ಚು. ಐದು ಬಾಣದ ಸರಾಸರಿ ತೆಗೆಯಿರಿ. ಮೊನಚು ಗುರುತಿಸುವಲ್ಲಿ 5 ಮಿಲಿಸೆಕೆಂಡ್ ತಪ್ಪಿದರೆ ವೇಗ ಸೆಕೆಂಡಿಗೆ ಒಂದು ಮೀಟರ್ ಆಚೀಚೆ ಆಗುತ್ತದೆ, ಶಕ್ತಿಯಲ್ಲಿ ಆ ಶೇಕಡಾವಾರು ತಪ್ಪು ಇಮ್ಮಡಿಯಾಗುತ್ತದೆ. ಮಳೆ ಬೀಳುವಾಗ ಸಿಲ್ವರ್ ಓಕಿನ ಕೆಳಗೆ ಈ ಪ್ರಯೋಗ ಬೇಡ, ಹನಿಯ ಸದ್ದಿನಲ್ಲಿ ಯಾವುದು ಯಾವುದೆಂದು ತಿಳಿಯದು.

ಪ್ರಶ್ನೆ: 40 ಪೌಂಡಿನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ, ಗಾಲಿಯಿಲ್ಲದ ಬಿಲ್ಲು). 500 ಸ್ಪೈನ್ ಬಾಣ, 30 ಇಂಚು, 100 ಗ್ರೇನ್ ಮೊನೆ. ಬಾಣ ಬಾಲ ಆಡಿಸಿಕೊಂಡು ಹೋಗುತ್ತದೆ. ನನ್ನ ಎಳೆತ 26 ಇಂಚು.
– ಓದುಗರು, ಮಡಿಕೇರಿ

ಉತ್ತರ: ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರ ಇದೆ. ಬಿಲ್ಲಿನ ಮೇಲೆ ಬರೆದ 40 ಪೌಂಡ್ 28 ಇಂಚಿನ ಎಳೆತಕ್ಕೆ. ಒಂದಿಂಚು ಕಡಿಮೆಯಾದರೆ ಎರಡು-ಮೂರು ಪೌಂಡ್ ಹೋಗುತ್ತದೆ. ನಿಮ್ಮ ಬೆರಳಿಗೆ ಬರುವುದು ಸುಮಾರು 35. ನೇತುಹಾಕುವ ತಕ್ಕಡಿಯ ಕೊಕ್ಕೆಗೆ ಹೆದೆ ಸಿಕ್ಕಿಸಿ 26 ಇಂಚಿಗೆ ಎಳೆದು ನೋಡಿಕೊಳ್ಳಿ. ಇಷ್ಟು ಪೌಂಡಿಗೆ ನಿಮ್ಮ ಬಾಣ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಆದರೆ ಊಹೆಯ ಮೇಲೆ ಹಣ ಸುರಿಯಬೇಡಿ, ಪರೀಕ್ಷಿಸಿ.

ಎರಡು ಬಾಣಗಳ ಗರಿ ಪೂರ್ತಿ ಕಿತ್ತು, ಅಷ್ಟೇ ತೂಕದ ಟೇಪ್ ಅದೇ ಜಾಗಕ್ಕೆ ಸುತ್ತಿ. 15 ಮೀಟರಿನಿಂದ ಗರಿಯಿರುವ ಮೂರು ಬಾಣ, ಈ ಎರಡು ಬೋಳು ಬಾಣ ಬಿಡಿ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಶಾಫ್ಟ್ ಗಟ್ಟಿ, ಬಲಕ್ಕೆ ಬಿದ್ದರೆ ಮೆದು. ಎಡಗೈಯವರಿಗೆ ಇದು ತಿರುಗಾಮುರುಗಾ. ಗಟ್ಟಿ ಎಂದು ಬಂದರೆ ಮೊನೆಯನ್ನು 125ಕ್ಕೆ, ಆಮೇಲೆ 145ಕ್ಕೆ ಏರಿಸಿ. ತೂಕವೂ ಏರುತ್ತದೆ, ಅದೂ ಒಳ್ಳೆಯದೇ. ರಿಕರ್ವಿಗೆ ಪೌಂಡಿಗೆ 9ರಿಂದ 10 ಗ್ರೇನ್ ಹಿತ, ನಿಮಗೆ 315ರಿಂದ 350. ಮೆದು ಎಂದು ಬಂದರೆ ಶಾಫ್ಟನ್ನು ಕಾಲಿಂಚಿನಂತೆ ಮಾತ್ರ ಕತ್ತರಿಸುತ್ತ ಬನ್ನಿ. ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ.

ಬೋಳು ಬಾಣ ಕೆಳಗೆ ಬಿದ್ದರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್ (ಬಾಣ ಕೂರಿಸುವ ಗುರುತು) ಮೇಲಾಗಿದೆ, ಮೇಲೆ ಬಿದ್ದರೆ ಕೆಳಗಾಗಿದೆ. ಬಾಣ ಹೆದೆಗೆ ಲಂಬವಾಗಿ ನಿಲ್ಲುವ ಜಾಗಕ್ಕಿಂತ 10 ಮಿಲಿಮೀಟರ್ ಮೇಲೆ ಶುರುಮಾಡಿ, ಮೊದಲು ಇದನ್ನು ಸರಿಮಾಡಿಕೊಂಡೇ ಎಡ-ಬಲಕ್ಕೆ ಹೋಗಿ. ಗರಿಗೆ ಪಾಂಡ್ಸ್ ಪೌಡರ್ ಸವರಿ ಒಂದು ಬಾಣ ಬಿಟ್ಟರೆ ಅದು ರೆಸ್ಟಿಗೆ (ಬಿಲ್ಲಿನಲ್ಲಿ ಬಾಣ ಕೂರುವ ಆಧಾರಕ್ಕೆ) ತಾಗುತ್ತಿದೆಯೋ ಇಲ್ಲವೋ ಗುರುತು ಸಿಗುತ್ತದೆ. ತಾಗುತ್ತಿದ್ದರೆ ಬೋಳು ಬಾಣದ ಪರೀಕ್ಷೆ ಸುಳ್ಳು ಹೇಳುತ್ತದೆ.

ಪ್ರಶ್ನೆ: ಬಾಣದ ಮುಂತೂಕ ಶೇಕಡಾ ಇಷ್ಟಿರಬೇಕು ಎನ್ನುತ್ತಾರೆ. ಅಳೆಯುವುದು ಹೇಗೆ?
– ಓದುಗರು, ಸಿದ್ದಾಪುರ

ಉತ್ತರ: ಬಾಣ ಸಮತೂಗುವ ಜಾಗ ಅದರ ನಡುವಿಗಿಂತ ಎಷ್ಟು ಮುಂದಿದೆ ಎಂಬುದೇ ಮುಂತೂಕ. ನಾಕಿನ ಕಚ್ಚಿನಿಂದ ಶಾಫ್ಟಿನ ತುದಿವರೆಗೆ ಅಳೆಯಿರಿ, ಮೊನೆ ಸೇರಿಸಬೇಡಿ. 72 ಸೆಂಟಿಮೀಟರ್ ಬಂದರೆ ಅರ್ಧ 36. ಮೊನೆ ಹಾಕಿದ ಬಾಣವನ್ನು ಚಾಕುವಿನ ಬೆನ್ನ ಮೇಲೆ ತೂಗಿಸಿ, ನಾಕಿನಿಂದ 45ರಲ್ಲಿ ನಿಂತಿತು ಎನ್ನಿ. ವ್ಯತ್ಯಾಸ 9, ಅದನ್ನು 72ರಿಂದ ಭಾಗಿಸಿದರೆ ಶೇ 12.5. ಬೇಟೆ ಬಾಣಕ್ಕೆ 10ರಿಂದ 15 ಸಾಮಾನ್ಯ. 20 ದಾಟಿಸುವ ಹುಚ್ಚು ಈಗ ಇದೆ. ಸ್ಪೈನ್ ಸರಿಹೊಂದಿಸುವ ತಾಳ್ಮೆ ಇದ್ದವರಿಗೆ ಮಾತ್ರ ಅದು.

ಪ್ರಶ್ನೆ: ಮನೆಯಲ್ಲೇ ಬಿದಿರಿನ ಬಾಣ ಮಾಡುತ್ತೇವೆ. ಬೇಸಿಗೆಯಲ್ಲಿ ಸರಿಯಾಗಿದ್ದವು ಆಟಿಯಲ್ಲಿ ಎಲ್ಲೆಲ್ಲೋ ಹೋಗುತ್ತವೆ.
– ಓದುಗರು, ಭಾಗಮಂಡಲ

ಉತ್ತರ: ನಿಮ್ಮೂರಿನ ಮಳೆಗೆ ಬಾಗಿಲೇ ಉಬ್ಬಿ ಮುಚ್ಚದಾಗುತ್ತದೆ, ಬಿದಿರು ಸುಮ್ಮನಿರುತ್ತದೆಯೇ? 25 ಗ್ರಾಂ ಕಡ್ಡಿ ಶೇ 5ರಷ್ಟು ನೀರು ಹೀರಿದರೂ 1.25 ಗ್ರಾಂ, ಅಂದರೆ 19 ಗ್ರೇನ್ ಏರಿತು. ಅದೊಂದೇ ಆದರೆ ಬಾಣ ತುಸು ಕೆಳಗೆ ಬೀಳುತ್ತಿತ್ತಷ್ಟೇ. ಒದ್ದೆ ಕಡ್ಡಿ ಮೆದುವಾಗುತ್ತದೆ, ಒಂದೊಂದೂ ಒಂದೊಂದು ಥರ ಡೊಂಕಾಗುತ್ತದೆ. ಎಲ್ಲೆಲ್ಲೋ ಹೋಗುವುದಕ್ಕೆ ಕಾರಣ ಇದು.

ಸ್ಪೈನ್ ಅಳೆಯುವ ಸಾಧನ ಮನೆಯಲ್ಲೇ ಆಗುತ್ತದೆ. ಹಲಗೆಗೆ 28 ಇಂಚು (71.1 ಸೆಂಟಿಮೀಟರ್) ಅಂತರದಲ್ಲಿ ಎರಡು ಮೊಳೆ ಹೊಡೆದು ಕಡ್ಡಿ ಮಲಗಿಸಿ. 880 ಗ್ರಾಂ ಕಾಫಿ ಬೀಜ ತೂಗಿ ಚೀಲದಲ್ಲಿ ಕಟ್ಟಿ ಸರಿಯಾಗಿ ನಡುವೆ ತೂಗುಹಾಕಿ. ಕಡ್ಡಿ 12.7 ಮಿಲಿಮೀಟರ್ ಜಗ್ಗಿದರೆ 500 ಸ್ಪೈನ್, 10.2 ಜಗ್ಗಿದರೆ 400, 15.2 ಆದರೆ 600. ಗಿಣ್ಣಿನ ಬದಿ ತಿರುಗಿಸಿ ಎರಡು ಸಲ ಅಳೆಯಿರಿ. ಗಟ್ಟಿ ಬಂದ ಬದಿ ಬಿಲ್ಲಿನ ಹಿಡಿಗೆ ಎದುರಾಗುವಂತೆ ನಾಕ್ ಕೊರೆಯಿರಿ. ಜಗ್ಗುವಿಕೆಯ ವ್ಯತ್ಯಾಸ 1 ಮಿಲಿಮೀಟರಿನೊಳಗೆ ಬರುವ ಕಡ್ಡಿಗಳನ್ನು ಮಾತ್ರ ಒಂದು ಕಟ್ಟಿಗೆ ಸೇರಿಸಿ.

ಚೆನ್ನಾಗಿ ಒಣಗಿದ ಕಡ್ಡಿಯನ್ನು ಫೆಬ್ರುವರಿ-ಮಾರ್ಚಿನಲ್ಲೇ ಕೆಂಡದ ಮೇಲೆ ಕಾಯಿಸಿ ನೇರ ಮಾಡಿ, ತಣ್ಣಗಾಗುವವರೆಗೆ ಹಾಗೇ ಹಿಡಿದಿರಿ. ಮೂರು ಕೋಟ್ ವಾರ್ನಿಷ್ ಬಳಿಯಿರಿ. ಕತ್ತರಿಸಿದ ತುದಿ ಮತ್ತು ನಾಕಿನ ಕಚ್ಚಿನೊಳಗೆ ಬಳಿಯಲು ಮರೆತರೆ ನೀರು ಅಲ್ಲಿಂದಲೇ ಒಳನುಗ್ಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಡಬೇಡಿ, ಅತಿ ಒಣಗಿ ಸೀಳುತ್ತದೆ, ಲ್ಯಾಮಿನೇಟೆಡ್ ಬಿಲ್ಲಾದರೆ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಹಕ್ಕಿಗರಿ ತೊಯ್ದು ಮಲಗುತ್ತದೆ, ಬಿಡುವಾಗ ಬಾಣವನ್ನು ನೇರ ಮಾಡುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಹೆದೆಗೆ ವಾರಕ್ಕೊಮ್ಮೆ ಮೇಣ ಉಜ್ಜಿ.

ಪ್ರಶ್ನೆ: ಕೈಲ್ ಮುಹೂರ್ತಕ್ಕೆ (ಕೊಡವರ ಆಯುಧ ಪೂಜೆಯ ಹಬ್ಬಕ್ಕೆ) ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಈ ಬಾರಿ ಮಕ್ಕಳಿಗೆ ಬಿಲ್ಲಿನಲ್ಲೂ ಇಡಬೇಕೆಂದಿದ್ದೇವೆ. ಮರದ ಮೇಲೆ ಕಟ್ಟಿದ ಕಾಯಿಗೇ ಹೊಡೆಸಬಹುದೇ?
– ಓದುಗರು, ಗೋಣಿಕೊಪ್ಪ

ಉತ್ತರ: ಮರದ ಮೇಲಿನದಕ್ಕೆ ಬೇಡವೇ ಬೇಡ. ಗಂಡುಮಗು ಹುಟ್ಟಿದಾಗ ಹರಳು ಗಿಡದ ಪುಟ್ಟ ಬಿಲ್ಲು ಕೈಗಿಡುವ ನಾಡಿನಲ್ಲಿ ಬಿಲ್ಲಿನ ಸ್ಪರ್ಧೆ ಇಡುವುದು ಚೆಂದವೇ. ಆದರೆ ಚರೆ ಬೇಗ ಬಲ ಕಳೆದುಕೊಳ್ಳುತ್ತದೆ, ಬಾಣ ಹಾಗಲ್ಲ. ಸೆಕೆಂಡಿಗೆ 50 ಮೀಟರಿನಲ್ಲಿ ಮೇಲ್ಮುಖವಾಗಿ ಹೋದ ಬಾಣ ಸುಮಾರು 200 ಮೀಟರ್ ಆಚೆ, ತೋಟದಲ್ಲೋ ಲೈನ್‌ಮನೆಯ ಅಂಗಳದಲ್ಲೋ ಇಳಿಯಬಹುದು, ಇಳಿಯುವಾಗಲೂ ನಾಟುವಷ್ಟು ಬಲ ಇರುತ್ತದೆ.

ಕಾಯಿಯನ್ನು ಎದೆಮಟ್ಟಕ್ಕಿಂತ ಕೆಳಗೆ ಹಗ್ಗದಲ್ಲಿ ತೂಗುಹಾಕಿ. ಹಿಂದೆ ಮಣ್ಣಿನ ಬರೆ ಇರಲಿ, ಬರೆಯ ಮುಂದೆ ಅರ್ಧ ಮೀಟರ್ ದಪ್ಪಕ್ಕೆ ಬಿಗಿದು ಕಟ್ಟಿದ ಭತ್ತದ ಹುಲ್ಲಿನ ಹೊರೆ ಇಡಿ. ಬರಿ ಬರೆಯಾದರೆ ಕಲ್ಲಿಗೆ ತಾಗಿ ಬಾಣ ಪುಟಿಯುತ್ತದೆ. 10 ಮೀಟರ್ ದೂರ, 20–25 ಪೌಂಡಿನ ಬಿಲ್ಲು ಸಾಕು. ಚೂಪು ಮೊನೆ ಸಿಪ್ಪೆಯ ನಾರಿನಲ್ಲಿ ಸಿಕ್ಕಿ, ಕೀಳುವಾಗ ಇನ್ಸರ್ಟೇ ಕಿತ್ತು ಬರುತ್ತದೆ. ರಬ್ಬರಿನ ಮೊಂಡು ಮೊನೆ ಹಾಕಿದರೆ ಕಾಯಿ ಅಲುಗಾಡುವುದು ದೂರಕ್ಕೂ ಕಾಣುತ್ತದೆ, ಅಂಕ ಕೊಡಲು ಸುಲಭ. ಇಲ್ಲಿ ತೂಕದ ಬಾಣವೇ ಒಳ್ಳೆಯದು, ಪೌಂಡಿಗೆ 12 ಗ್ರೇನ್ ಆದರೂ ಚಿಂತೆಯಿಲ್ಲ. ಕಾರ್ಬನ್ ಬೇಡ, ಓರೆಯಾಗಿ ಚಿಪ್ಪಿಗೆ ತಾಗಿದರೆ ಸೀಳುತ್ತದೆ. ಮರದ್ದೋ ಫೈಬರ್‌ಗ್ಲಾಸಿನದೋ ಕೊಡಿ. ಎಲ್ಲರೂ ಬಿಟ್ಟು ಮುಗಿಸಿ ಬಿಲ್ಲು ಕೆಳಗಿಟ್ಟ ಮೇಲೆಯೇ ಬಾಣ ತರಲು ಮಕ್ಕಳನ್ನು ಕಳಿಸಿ. ಹುಲ್ಲಿನಲ್ಲಿ ಹೂತ ಬಾಣದ ನಾಕ್ ಕಣ್ಣಿನ ಮಟ್ಟಕ್ಕೆ ಇರುತ್ತದೆ, ಆದ್ದರಿಂದ ಓಡಿಸಬೇಡಿ, ನಡೆಸಿಕೊಂಡು ಹೋಗಿ.